ತಲೆಸುತ್ತಿಗೆ ಮನೋರೋಗದ ಮಾತ್ರೆಯೇ?

ಪ್ರಶ್ನೆ: ನಮ್ಮ ತಾಯಿಗೆ 68 ವರ್ಷ. ತಲೆಸುತ್ತು, ವಾಂತಿ ಎಂದು ಡಾಕ್ಟರ ಬಳಿ ಕರೆದೊಯ್ದಾಗ ಸ್ಟೆಮೆಟಿಲ್ ಬರೆದುಕೊಟ್ಟರು. ಮೊಬೈಲಿನಲ್ಲಿ ಹುಡುಕಿದರೆ ಅದು ಸ್ಕಿಜೋಫ್ರೀನಿಯಾಕ್ಕೆ ಕೊಡುವ ಔಷಧ ಎಂದಿದೆ. ಮಾತ್ರೆ ಬದಲಾಗಿದೆಯೇ?
– ಓದುಗರೊಬ್ಬರು, ರಾಜಾಜಿನಗರ

ಮಾತ್ರೆ ಬದಲಾಗಿಲ್ಲ, ಮೊಬೈಲ್ ಹೇಳಿದ್ದೂ ಸುಳ್ಳಲ್ಲ. ಔಷಧ ಅಂಗಡಿಯ ಕೌಂಟರಿನ ಹಿಂದೆ ನಿಂತ ವರ್ಷಗಳಲ್ಲಿ ಈ ಪ್ರಶ್ನೆ ನನಗೆ ಹೊಸದಲ್ಲ. ಸ್ಟ್ರಿಪ್ಪನ್ನು ವಾಪಸ್ ತಳ್ಳುತ್ತಾ, "ನಿಮ್ಹಾನ್ಸ್ ಮಾತ್ರೆ ನಮಗೇಕೆ ಸಾರ್, ಅಮ್ಮನ ತಲೆ ಸರಿಯಾಗಿಯೇ ಇದೆ" ಎಂದವರಿದ್ದಾರೆ. (ಫಿಟ್ಸ್, ಲಕ್ವ, ತಲೆಗೆ ಪೆಟ್ಟು ಎಂದು ನಿಮ್ಹಾನ್ಸ್‌ಗೆ ಹೋಗುವವರು ಎಷ್ಟೋ ಮಂದಿ. ಆದರೂ ಈ ಊರಿನಲ್ಲಿ ಆ ಹೆಸರು ಹೇಳಿದರೆ ಜನ ದನಿ ತಗ್ಗಿಸುತ್ತಾರೆ.)

ಸ್ಟೆಮೆಟಿಲ್‌ನೊಳಗಿನ ಔಷಧ ಪ್ರೊಕ್ಲೋರ್‌ಪೆರಜೀನ್. ಇದು ಫಿನೋಥಯಜೀನ್ ಎಂಬ ಮನೆತನದ್ದು. ಎರಡು ಬೆಂಜೀನ್ ಉಂಗುರಗಳ ನಡುವೆ ಒಂದು ಕಡೆ ಗಂಧಕ, ಇನ್ನೊಂದು ಕಡೆ ಸಾರಜನಕ: ಇಷ್ಟೇ ಅದರ ತಳಪಾಯ. 1883ರಲ್ಲಿ ಜರ್ಮನಿಯ ಬರ್ನ್‌ಥ್ಸೆನ್ ಇದನ್ನು ತಯಾರಿಸಿದ್ದು ಔಷಧಕ್ಕಾಗಿ ಅಲ್ಲ, ಮೆಥಿಲೀನ್ ಬ್ಲೂ ಎಂಬ ಬಣ್ಣದ ರಚನೆಯನ್ನು ಅರಿಯುವುದಕ್ಕಾಗಿ. ಆ ನೀಲಿಯ ಒಡಲಲ್ಲಿರುವುದೂ ಇದೇ ಉಂಗುರ.

ಗುಣ ನಿರ್ಧಾರವಾಗುವುದು ಸಾರಜನಕಕ್ಕೆ ಅಂಟಿಸಿದ ಬಾಲದಲ್ಲಿ. ಮಡಿಕೇರಿಯ ಬಸ್ ಹತ್ತುವ ಮೊದಲು ನುಂಗುವ ಅವೊಮಿನ್ ಇದೆಯಲ್ಲ, ಅದರಲ್ಲಿರುವ ಪ್ರೊಮೆಥಜೀನ್ ಕೂಡ ಫಿನೋಥಯಜೀನೇ. ಉಂಗುರದ ಸಾರಜನಕಕ್ಕೂ ಅದರ ಬಾಲದ ಸಾರಜನಕಕ್ಕೂ ನಡುವಿನ ಅಂತರ ಎರಡೇ ಇಂಗಾಲ. ಹಾಗಾಗಿ ಅದರ ಕೆಲಸ ಮುಖ್ಯವಾಗಿ ಹಿಸ್ಟಮೀನ್ ಎಂಬ ದೇಹದ ರಾಸಾಯನಿಕದ ಮೇಲೆ, ನಿದ್ದೆ ಬರುವುದೂ ಅದರಿಂದಲೇ. ಅಂತರವನ್ನು ಮೂರು ಇಂಗಾಲಕ್ಕೆ ಹಿಗ್ಗಿಸಿ, ಉಂಗುರಕ್ಕೊಂದು ಕ್ಲೋರಿನ್ ಸೇರಿಸಿದರೆ ಅಣು ಡೋಪಮೈನ್ ಎಂಬ, ಮೆದುಳಿನಲ್ಲಿ ಸಂದೇಶ ಒಯ್ಯುವ ರಾಸಾಯನಿಕದ ಕಡೆಗೆ ವಾಲುತ್ತದೆ. ಫ್ರಾನ್ಸಿನ ರೋನ್-ಪುಲೆಂಕ್ ಕಂಪನಿಯಲ್ಲಿ 1950ರಲ್ಲಿ ಹಾಗೆ ಹುಟ್ಟಿದ್ದು ಕ್ಲೋರ್‌ಪ್ರೊಮಜೀನ್. 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಅದನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದರು. ನಿಮ್ಮ ತಾಯಿಯ ಮಾತ್ರೆ ಅದರ ತಮ್ಮ: ಅದೇ ಕ್ಲೋರಿನ್, ಅದೇ ಮೂರು ಇಂಗಾಲ, ಬಾಲದ ತುದಿಯಲ್ಲಿ ಮಾತ್ರ ಪಿಪರಜೀನ್ ಎಂಬ ಇನ್ನೊಂದು ಪುಟ್ಟ ಉಂಗುರ.

ಇದು ಮಾಡುವ ಕೆಲಸ ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವಂಥದ್ದು. ಡೋಪಮೈನ್ ಕೂರಬೇಕಾದ ಡಿ2 ಎಂಬ ಜಾಗದಲ್ಲಿ ಟವೆಲ್ ಬಿದ್ದಿರುತ್ತದೆ. ಡೋಪಮೈನ್ ಬಂದರೂ ನಿಂತೇ ಇರಬೇಕು. ಮೆದುಳಿನ ಬುಡದಲ್ಲಿ, ರಕ್ತದಲ್ಲಿ ವಿಷವೇನಾದರೂ ಇದೆಯೇ ಎಂದು ರುಚಿ ನೋಡಿ ವಾಂತಿ ಮಾಡಿಸುವ ಸಣ್ಣ ಭಾಗವೊಂದಿದೆ. ಅಲ್ಲಿ ಡಿ2 ಜಾಗಗಳಿವೆ. ಅವಕ್ಕೆ ಟವೆಲ್ ಹಾಕಿದರೆ ವಾಕರಿಕೆ ನಿಲ್ಲುತ್ತದೆ. ಭ್ರಮೆ, ಸಂಶಯಗಳಿಗೆ ಸಂಬಂಧಿಸಿದ ದಾರಿಗಳಲ್ಲೂ ಡಿ2 ಇದೆ. ಅಲ್ಲಿ ಹಾಕಿದರೆ ಅದೇ ಔಷಧ ಮನೋರೋಗಕ್ಕೆ. ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ವಾಂತಿಗೆ 5 ಮಿಲಿಗ್ರಾಂ ಮಾತ್ರೆ ದಿನಕ್ಕೆ ಎರಡೋ ಮೂರೋ ಸಲ. ಮನೋರೋಗಕ್ಕೆ ದಿನಕ್ಕೆ 75ರಿಂದ 100 ಮಿಲಿಗ್ರಾಂವರೆಗೂ ಹೋಗುತ್ತದೆ.

ಚಲನೆಯನ್ನು ಹದದಲ್ಲಿಡುವ ಭಾಗದಲ್ಲೂ ಡಿ2 ಇರುವುದೇ ತೊಡಕು. ಒಮ್ಮೆ ಒಬ್ಬ ಕಾಲೇಜು ಹುಡುಗನನ್ನು ಆಟೋದಲ್ಲಿ ಕರೆತಂದರು. ಕತ್ತು ಎಡಕ್ಕೆ ತಿರುಚಿಕೊಂಡಿತ್ತು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತ್ತು, ಜೊಲ್ಲು ಸೋರುತ್ತಿತ್ತು. ಅವನ ತಾಯಿ ದೃಷ್ಟಿ ತೆಗೆಸಬೇಕೆಂದು ಅಳುತ್ತಿದ್ದರು. ಹಿಂದಿನ ಸಂಜೆ ವಾಂತಿಗೆ ಇದೇ ಔಷಧದ ಇಂಜೆಕ್ಷನ್ ಆಗಿತ್ತು. ಪಕ್ಕದ ಕ್ಲಿನಿಕ್‌ನ ಡಾಕ್ಟರು ಫೆನರ್ಗನ್ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಕತ್ತು ನೆಟ್ಟಗಾಯಿತು. ಫೆನರ್ಗನ್ ಎಂದರೆ ಅವೊಮಿನ್‌ನಲ್ಲಿರುವ ಅದೇ ಪ್ರೊಮೆಥಜೀನ್. ಡೋಪಮೈನ್ ಕಟ್ಟಿಹಾಕಿದಾಗ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ಸಂದೇಶವಾಹಕದ ಕೈ ಮೇಲಾಗಿ ಸ್ನಾಯು ಸೆಟೆಯುತ್ತದೆ, ಪ್ರೊಮೆಥಜೀನ್ ಆ ಅಸಿಟೈಲ್‌ಕೋಲಿನ್ ಅನ್ನೂ ತಡೆಯುತ್ತದೆ. ಒಬ್ಬ ಗಂಟು ಹಾಕಿದ್ದನ್ನು ಅವನ ದಾಯಾದಿ ಬಿಚ್ಚಿದ ಹಾಗೆ.

ಹುಡುಗರಲ್ಲಿ ಹೀಗಾದರೆ ಕಣ್ಣಿಗೆ ಕಾಣುತ್ತದೆ, ತಕ್ಷಣ ಸರಿಯೂ ಆಗುತ್ತದೆ. ನನಗೆ ಹೆಚ್ಚು ಚಿಂತೆ ವಯಸ್ಸಾದವರದ್ದು. ಮೂರು ದಿನಕ್ಕೆಂದು ಬರೆದ ಚೀಟಿಯನ್ನೇ ಮೂರು ವರ್ಷ ಹಿಡಿದುಕೊಂಡು ಬರುವವರಿದ್ದಾರೆ. ನಿಧಾನವಾಗಿ ಕೈ ನಡುಗುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ, ಮುಖದಲ್ಲಿ ಭಾವ ಇಳಿಯುತ್ತದೆ. ಮನೆಯವರು ಪಾರ್ಕಿನ್‌ಸನ್ಸ್ ಎಂದುಕೊಳ್ಳುತ್ತಾರೆ. ಇನ್ನು ಕೆಲವರಿಗೆ ಏನೂ ತಿನ್ನದಿದ್ದರೂ ಬಾಯಿ ಆಡುತ್ತಲೇ ಇರುತ್ತದೆ. ಇದು ಮಾತ್ರೆ ಬಿಟ್ಟ ಮೇಲೂ ಉಳಿಯಬಹುದು. ಈ ಔಷಧ ಎದ್ದು ನಿಂತಾಗ ಬಿಪಿಯನ್ನೂ ಇಳಿಸಬಲ್ಲದು, ಆಗ ತಲೆಸುತ್ತಿನ ಮಾತ್ರೆಯಿಂದಲೇ ತಲೆಸುತ್ತು! ಮಗ್ಗುಲು ಬದಲಿಸಿದಾಗ ಮಾತ್ರ ಸುತ್ತು ಬರುವುದಾದರೆ ಅದು ಒಳಕಿವಿಯ ಹರಳು ಜಾರಿದ್ದಿರಬಹುದು. ಅದಕ್ಕೆ ಕಿವಿಯ ಡಾಕ್ಟರು ತಲೆಯನ್ನು ಕ್ರಮವಾಗಿ ತಿರುಗಿಸಿ ಮಾಡುವ ಚಿಕಿತ್ಸೆಯೇ ಮೇಲು.

ತಾಯಿಯವರು ಈಗಾಗಲೇ ಪಾರ್ಕಿನ್‌ಸನ್ಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇದನ್ನು ಕೊಡುವ ಮೊದಲೇ ಡಾಕ್ಟರಿಗೆ ತಿಳಿಸಿ. ಅಂಥ ಮಾತ್ರೆ ಇಲ್ಲವಾದರೆ ಬರೆದಷ್ಟು ದಿನ ಧೈರ್ಯವಾಗಿ ಕೊಡಿ. ಚೀಟಿಯಲ್ಲಿ ಎಷ್ಟು ದಿನ ಎಂದು ಬರೆದಿರದಿದ್ದರೆ, ಇಂದೇ ಫೋನ್ ಮಾಡಿ ಕೇಳಿಕೊಳ್ಳಿ.