ಮರಿ ಬಿಟ್ಟ ಮೊದಲ ವಾರದಲ್ಲೇ ಇರೋದು ಲೆಕ್ಕ: ನೀರುಕಾಗೆ ಮತ್ತೆ ಸಾಲ್ಮನ್

ಅಮೆರಿಕ-ಕೆನಡಾ ಗಡಿಯ ದೊಡ್ಡ ಕೆರೆಗಳಾದ ಗ್ರೇಟ್ ಲೇಕ್ಸ್ ಕಡೆ ಸಾಲ್ಮನ್‌ಗೆ ಗಾಳ ಹಾಕೋರ ಜೊತೆ ಕೂತ್ರೆ ಐದು ನಿಮಿಷದೊಳಗೆ ನೀರುಕಾಗೆ ಮಾತು ಬಂದೇ ಬರತ್ತೆ. ಒಂದು ಹಕ್ಕಿ ದಿನಕ್ಕೆ ಅರ್ಧ ಕೆಜಿ ಮೀನು ನುಂಗತ್ತೆ, ಅಂಥವು ಸಾವಿರಾರು ಇವೆ, ಇನ್ನು ನಮಗೇನು ಉಳಿಯತ್ತೆ ಅಂತ ಕೇಳ್ತಾರೆ. ಅರ್ಧ ಕೆಜಿ ಅನ್ನೋದು ಹೆಚ್ಚುಕಮ್ಮಿ ಸರಿನೇ. ಆದ್ರೆ ಅದನ್ನ ಹಕ್ಕಿ ಸಂಖ್ಯೆಗೆ ಗುಣಿಸಿ ಇಷ್ಟು ಸಾಲ್ಮನ್ ಹೋಯ್ತು ಅನ್ನೋಕಾಗಲ್ಲ, ಯಾಕಂದ್ರೆ ಬೆಳೆದ ಸಾಲ್ಮನ್ ನೀರುಕಾಗೆ ಬಾಯಿಗೆ ಹಿಡಿಯೋದೇ ಇಲ್ಲ, ಅದು ಹಿಡಿಯೋದು ಹೆಚ್ಚಾಗಿ ಗೇಣುದ್ದದೊಳಗಿನ ಮೀನುಗಳನ್ನ.

ಈ ಸಿಟ್ಟು ಹಳೇದು, ನಂಗೆ ಅರ್ಥ ಆಗತ್ತೆ. ಡಿಡಿಟಿ ಕಾಲದಲ್ಲಿ ಮೊಟ್ಟೆ ಚಿಪ್ಪು ತೆಳ್ಳಗಾಗಿ ಈ ಹಕ್ಕಿ ಕೆರೆಗಳಿಂದ ಹೆಚ್ಚುಕಡಿಮೆ ಮಾಯವೇ ಆಗಿತ್ತು. 1972ರಲ್ಲಿ ಅಮೆರಿಕದಲ್ಲಿ ಡಿಡಿಟಿ ನಿಂತಿತು, ಅದೇ ವರ್ಷ ಹಕ್ಕಿಗೆ ಕಾನೂನಿನ ರಕ್ಷಣೆನೂ ಸಿಕ್ತು, ಆಮೇಲೆ ನೋಡಿ, ಲೇಕ್ ಒಂಟಾರಿಯೋದ ಲಿಟಲ್ ಗ್ಯಾಲೂ ಅನ್ನೋ ಒಂದೇ ದ್ವೀಪದಲ್ಲಿ 1996ರ ಹೊತ್ತಿಗೆ 8 ಸಾವಿರಕ್ಕೂ ಹೆಚ್ಚು ಗೂಡು. 1998ರಲ್ಲಿ ಕೆಲವರು ರೊಚ್ಚಿಗೆದ್ದು ಅಲ್ಲಿಗೆ ಹೋಗಿ 800ಕ್ಕೂ ಹೆಚ್ಚು ಹಕ್ಕಿಗಳನ್ನ ಗುಂಡಿಟ್ಟು ಕೊಂದ್ರು, ಕೇಸೂ ಆಯ್ತು. ಅಲ್ಲಿ ನಿಜವಾಗಿ ಪೆಟ್ಟು ಬಿದ್ದಿದ್ದು ಸ್ಮಾಲ್‌ಮೌತ್ ಬಾಸ್ ಮೀನಿಗೆ. ಸಾಲ್ಮನ್ ಕಥೆ ಬೇರೆ.

ಚಿನೂಕ್, ಕೋಹೋ ಸಾಲ್ಮನ್ ಈ ಕೆರೆಗಳ ಮೂಲದ್ದಲ್ಲ. ಮೀನಿಗೆ ಕಚ್ಕೊಂಡು ರಕ್ತ ಹೀರೋ ಸೀ ಲ್ಯಾಂಪ್ರೇ ಬಂದು ದೊಡ್ಡ ಟ್ರೌಟ್‌ಗಳನ್ನೆಲ್ಲ ಮುಗಿಸಿದ್ಮೇಲೆ ಏಲ್‌ವೈಫ್ ಅನ್ನೋ ಸಣ್ಣ ಮೀನು ಮಿತಿಮೀರಿ, 1960ರ ದಶಕದಲ್ಲಿ ಲೇಕ್ ಮಿಶಿಗನ್ ದಡದಲ್ಲಿ ರಾಶಿ ರಾಶಿ ಸತ್ತು ಕೊಳೆತಿತ್ತು. ಅದನ್ನ ತಿನ್ನಲಿ, ಗಾಳದವರಿಗೂ ಒಳ್ಳೆ ಮೀನು ಸಿಗಲಿ ಅಂತ 1966ರಲ್ಲಿ ಕೋಹೋ, ಮರುವರ್ಷ ಚಿನೂಕ್ ಬಿಟ್ರು. ಅಂದ್ರೆ ಸಾಲ್ಮನ್ ತಿನ್ನೋದೂ ಏಲ್‌ವೈಫ್, ನೀರುಕಾಗೆ ತಿಂದು ಬೆಳೆದಿದ್ದೂ ಅದನ್ನೇ. 2003-04ರಲ್ಲಿ ಲೇಕ್ ಹ್ಯೂರಾನ್‌ನಲ್ಲಿ ಏಲ್‌ವೈಫ್ ಕುಸಿದಾಗ ಚಿನೂಕ್ ಮೀನುಗಾರಿಕೆನೂ ಜೊತೆಗೇ ಕುಸಿಯಿತು. ಒಂದು ಕಡೆ ತಿನ್ನೋ ಸಾಲ್ಮನ್ ಜಾಸ್ತಿ, ಇನ್ನೊಂದು ಕಡೆ ಕ್ವಾಗಾ ಮಸಲ್ ಚಿಪ್ಪುಗಳು ನೀರಲ್ಲಿ ತೇಲೋ ಸೂಕ್ಷ್ಮ ಜೀವಿಗಳನ್ನ (ಪ್ಲ್ಯಾಂಕ್ಟನ್) ಸೋಸಿ ಬುಡದ ಆಹಾರವನ್ನೇ ಕಿತ್ಕೊಂಡವು. ಹಕ್ಕಿಗಳನ್ನೆಲ್ಲ ಓಡಿಸಿದ್ರೂ ಆ ಕುಸಿತ ನಿಲ್ತಿರಲಿಲ್ಲ.

ಹಾಗಂತ ಹಕ್ಕಿಯಿಂದ ನಷ್ಟನೇ ಇಲ್ಲ ಅಂತ ನಾನು ಹೇಳಲ್ಲ. ಸಾಲ್ಮನ್ ಮರಿಗಳನ್ನ ಕೆರೆಗೆ ಬಿಡೋ ಜಾಗಕ್ಕೆ ಬಂದು ನಿಂತು ನೋಡಿ. ಮರಿ ಸಾಕೋ ಹ್ಯಾಚರಿಯಿಂದ ಲಾರಿ ಬರತ್ತೆ, ಪೈಪ್ ಹಾಕ್ತಾರೆ, ಬೆರಳುದ್ದದ ಸಾವಿರಾರು ಚಿನೂಕ್ ಮರಿ ಹಾಡಹಗಲಲ್ಲಿ ಬಂದರಿನ ನೀರಿಗೆ ಬೀಳತ್ತೆ, ಪ್ರಯಾಣದ ಸುಸ್ತು, ನೀರಿನ ತಾಪಮಾನ ಬೇರೆ, ಹುಟ್ಟಿದಾಗಿಂದ ಶತ್ರು ಅಂದ್ರೇನು ಅಂತ ಗೊತ್ತಿಲ್ಲ, ಮೇಲಿಂದ ನೆರಳು ಬಿದ್ರೆ ಮೇವು ಬಂತು ಅಂತ ಮೇಲಕ್ಕೇ ಬರತ್ತೆ. ಇದು ನಡೆಯೋದು ಏಪ್ರಿಲ್-ಮೇನಲ್ಲಿ, ದಕ್ಷಿಣದಿಂದ ನೀರುಕಾಗೆ ವಾಪಸ್ ಬರೋದೂ ಸರಿಯಾಗಿ ಆಗಲೇ. ವರ್ಷ ವರ್ಷ ಅದೇ ಕಟ್ಟೆ, ಅದೇ ವಾರ ಅಂದ್ರೆ ಹಕ್ಕಿ ಕಲಿತ್ಕೊಳ್ಳದೆ ಇರತ್ತಾ? ಕಡಲಕ್ಕಿಗಳಂತೂ ಲಾರಿ ನಿಂತ ತಕ್ಷಣ ಸುತ್ತೋಕೆ ಶುರು ಮಾಡ್ತವೆ.

ಆದ್ದರಿಂದ ಹಕ್ಕಿ ಎಣಿಸೋಕಿಂತ ಮೊದಲು ನಾನು ಕೇಳೋದು ಮರಿ ಯಾವಾಗ, ಎಲ್ಲಿ, ಹೇಗೆ ಬಿಟ್ರಿ ಅಂತ. ನೀರಲ್ಲೇ ಬಲೆ ಪಂಜರ ಕಟ್ಟಿ ಎರಡು ಮೂರು ವಾರ ಸಾಕಿ, ಸ್ವಲ್ಪ ದಪ್ಪ ಆದ್ಮೇಲೆ ಕತ್ತಲಲ್ಲಿ ಬಿಟ್ರೆ ಆ ಮರಿ ಸುಸ್ತು ಕಳೆದಿರತ್ತೆ, ಆ ನೀರಿನ ವಾಸನೆನೂ ಹಿಡಿದಿರತ್ತೆ. ಒಂಟಾರಿಯೋ ಕೆರೆಯ ನ್ಯೂಯಾರ್ಕ್ ದಡದಲ್ಲಿ ಗಾಳದವರ ಕ್ಲಬ್‌ಗಳೇ ಇದನ್ನ ನಡೆಸ್ತಾರೆ, ನೇರವಾಗಿ ಸುರಿದ ಮರಿಗಿಂತ ಇವು ಚೆನ್ನಾಗಿ ಉಳೀತವೆ. ಮೇಲೆ ಮಾತ್ರ ಬಲೆ ಹೊದಿಸಬೇಕು, ಇಲ್ಲಾಂದ್ರೆ ಪಂಜರ ಹಕ್ಕಿಗೆ ತಟ್ಟೆ ಇಟ್ಟ ಹಾಗೆ.

ಗೂಡಿನ ಕಡೆಯಿಂದ ಮಾಡೋದಾದ್ರೆ ಮೊಟ್ಟೆಗೆ ಮೆಕ್ಕೆಜೋಳದ ಎಣ್ಣೆ ಸಿಂಪಡಿಸ್ತಾರೆ. ಒಳಗೆ ಗಾಳಿ ಹೋಗಲ್ಲ, ಮರಿ ಆಗಲ್ಲ, ಆದ್ರೆ ಹಕ್ಕಿ ಕಾವು ಕೂತೇ ಇರತ್ತೆ. ಒಡೆದು ಹಾಕಿದ್ರೆ ಮತ್ತೆ ಇಡತ್ತೆ. ಲಿಟಲ್ ಗ್ಯಾಲೂನಲ್ಲಿ 1999ರಿಂದ ಇದನ್ನೇ ಮಾಡಿದ್ರು.

ಹಕ್ಕಿ ಏನು ತಿಂತು ಅಂತ ತಿಳಿಯೋಕೆ ಅವು ಕಕ್ಕಿದ ಉಂಡೆ ಬಿಡಿಸ್ತೀವಿ, ಅದರಲ್ಲಿ ಮೂಳೆ, ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲು ಸಿಗತ್ತೆ. ಲಿಟಲ್ ಗ್ಯಾಲೂ ದ್ವೀಪದ ಉಂಡೆಗಳಲ್ಲಿ 2004ರ ಈಚೆಗೆ ತುಂಬಾ ಕಂಡಿದ್ದು ರೌಂಡ್ ಗೋಬಿ, ಅದೂ ಹೊರಗಿಂದ ಬಂದ ಮೀನೇ. ಒಂದು ಎಚ್ಚರಿಕೆ ಏನಂದ್ರೆ ಸಾಲ್ಮನ್ ಮರಿಯ ಕಿವಿಗಲ್ಲು ಬಹಳ ಸಣ್ಣದು, ಹೊಟ್ಟೆಯಲ್ಲೇ ಕರಗಿಹೋಗಬಹುದು, ಉಂಡೆಯಲ್ಲಿ ಇಲ್ಲ ಅಂದ ಮಾತ್ರಕ್ಕೆ ತಿಂದಿಲ್ಲ ಅಂತಲ್ಲ.

ಅದಕ್ಕೇ ಸಾಲ್ಮನ್ ಮರಿಯ ಮೂಗಿನೊಳಗೆ ಕೂದಲಿನಷ್ಟು ಸಣ್ಣ, ಗುರುತಿನ ಕೋಡ್ ಇರೋ ತಂತಿ ಹಾಕಿ, ಬೆನ್ನಿನ ಹಿಂಭಾಗದ ಚಿಕ್ಕ ಈಜುರೆಕ್ಕೆ ಕತ್ತರಿಸಿ ಬಿಡೋದು. ಆ ರೆಕ್ಕೆ ಇಲ್ಲದ ಸಾಲ್ಮನ್ ನಿಮ್ಮ ಗಾಳಕ್ಕೆ ಸಿಕ್ರೆ ದಯವಿಟ್ಟು ತಲೆ ಎಸೀಬೇಡಿ, ಮೀನುಗಾರಿಕೆ ಇಲಾಖೆಯವರು ತಲೆ ಇಸ್ಕೊಳ್ಳೋ ಜಾಗಕ್ಕೆ ಕೊಡಿ. ಯಾವ ವರ್ಷ, ಯಾವ ಕಟ್ಟೆಯಲ್ಲಿ ಬಿಟ್ಟ ಮರಿ ಆ ಮೊದಲ ವಾರ ದಾಟಿ ಬಂತು ಅಂತ ನಮಗೆ ಗೊತ್ತಾಗೋದು ಆ ತಂತಿ ಓದಿದಾಗಲೇ.