ಸ್ಕೇಟಿಂಗ್ ಬೂಟಿನ ನಾಲಿಗೆ ಅಂದ್ರೆ ಏನು?

ಹೊಸ ಚಪ್ಪಲಿ ಕಚ್ಚುತ್ತದೆ ಅಂತೀವಲ್ಲ, ಸ್ಕೇಟಿಂಗ್ ಬೂಟೂ ಕಚ್ಚುತ್ತದೆ. ಆದರೆ ಹಿಮ್ಮಡಿಯಲ್ಲಷ್ಟೇ ಅಲ್ಲ, ಮುಂದೆ, ಪಾದ ಕಾಲಿಗೆ ಸೇರಿ ಮಡಚುವ ಜಾಗದಲ್ಲೂ. ಇದಕ್ಕೆ ಲೇಸ್ ಬೈಟ್ ಅಂತ ಹೆಸರು. ಎಷ್ಟೋ ಸಲ ಇದಕ್ಕೆ ಕಾರಣ ಬೂಟಿನ ನಾಲಿಗೆ.

ಲೇಸಿನ ಕೆಳಗೆ, ಪಾದದ ಮೇಲೆ ಮಲಗಿರುವ ಮೆತ್ತನೆಯ ಪಟ್ಟಿಯೇ ನಾಲಿಗೆ. ಮಾಮೂಲಿ ಶೂನಲ್ಲಿ ಅದು ತೆಳ್ಳಗಿರುತ್ತದೆ, ನಾವು ನೋಡೋದೂ ಇಲ್ಲ. ಫಿಗರ್ ಸ್ಕೇಟಿಂಗ್, ಅಂದ್ರೆ ಮಂಜುಗಡ್ಡೆಯ ಮೇಲೆ ಬ್ಲೇಡಿನ ಬೂಟು ಹಾಕಿ ಜಿಗಿಯುವ, ತಿರುಗುವ ಆಟ, ಅದರ ಬೂಟಿನಲ್ಲಿ ನಾಲಿಗೆ ದಪ್ಪಗಿರುತ್ತದೆ, ಯಾಕಂದ್ರೆ ಬಿಗಿದ ಲೇಸಿನ ಒತ್ತಡವನ್ನೆಲ್ಲ ಅದೇ ಹಂಚಬೇಕು. ಮೊಣಕಾಲು ಬಗ್ಗಿಸಿದಾಗಲೆಲ್ಲ ಅದರ ಕೆಳಗಿನ, ಕಾಲಿನ ಮುಂಭಾಗದ ಮೂಳೆ ಇದಕ್ಕೇ ಒತ್ತುತ್ತದೆ. ಅಲ್ಲೇ ಚರ್ಮದ ಕೆಳಗೆ, ಪಾದ ಮೇಲೆತ್ತುವ ಸ್ನಾಯುರಜ್ಜು ಹಗ್ಗದ ಹಾಗೆ ಹಾದು ಹೋಗಿದೆ. ನಾಲಿಗೆ ಪಕ್ಕಕ್ಕೆ ಜಾರಿತೋ, ಲೇಸು ನೇರವಾಗಿ ಅದರ ಮೇಲೆ ಕೂರುತ್ತದೆ.

ನನ್ನ ಅಕ್ಕನ ಮಗಳು ಕಲಬುರಗಿಯಲ್ಲಿ ಚಕ್ರದ ಮೇಲೆ ಇದೇ ಜಾತಿಯ ಸ್ಕೇಟಿಂಗ್ ಕಲಿಯುತ್ತಾಳೆ, ಬ್ಲೇಡ್ ಇರುವಲ್ಲಿ ನಾಲ್ಕು ಚಕ್ರ, ಬೂಟು ಹೆಚ್ಚುಕಡಿಮೆ ಅದೇ. ಒಂದಿನ ‘ಮಾಮಾ, ಇಲ್ಲಿ ಭಾಳ ಕಚ್ಚಲತ್ತದ’ ಅಂದಳು. ಸಾಕ್ಸ್ ಇಳಿಸಿ ನೋಡಿದರೆ ಕೆಂಪು ಗೆರೆ, ಎರಡು ಲೇಸಿನ ಗುರುತು ಅಡ್ಡಡ್ಡ ಎದ್ದು ಕಾಣುತ್ತಿತ್ತು. ನಾವು ಸೈಜು ಚಿಕ್ಕದಾಯಿತು ಅಂದುಕೊಂಡೆವು. ಸೈಜು ಸರಿಯೇ ಇತ್ತು. ನಾಲಿಗೆ ಹೊರಗಡೆಗೆ ಬೆರಳಗಲ ಸರಿದಿತ್ತು, ಅಷ್ಟೇ.

ಹಾಕಿಕೊಳ್ಳುವಾಗ ಲೇಸು ಪೂರ್ತಿ ಸಡಿಲ ಮಾಡಿ, ಹಿಮ್ಮಡಿಯನ್ನು ಹಿಂದಕ್ಕೆ ತಟ್ಟಿ ಕೂರಿಸಿ, ಆಮೇಲೆ ನಾಲಿಗೆಯನ್ನು ಕೈಯಿಂದ ನಡುವಿಗೆ ತನ್ನಿ. ಬೆರಳುಗಳ ಹತ್ತಿರ ಲೇಸು ಸಡಿಲ, ಕಾಲು ಮಡಚುವಲ್ಲಿ ಬಿಗಿ, ಮೇಲಿನ ಕೊಕ್ಕೆಗಳಲ್ಲಿ ಮತ್ತೆ ಸ್ವಲ್ಪ ಸಡಿಲ, ಮೊಣಕಾಲು ಬಗ್ಗಬೇಕಲ್ವಾ. ಕೆಲವು ನಾಲಿಗೆಗಳಲ್ಲಿ ಲೇಸು ತೂರಿಸಲು ಸೀಳು ಇರುತ್ತದೆ, ಅದನ್ನು ಬಿಡಬೇಡಿ. ನೋವಿರುವ ಕಡೆ ಜೆಲ್ ಪ್ಯಾಡ್ ಇಟ್ಟರೆ ಆರಾಮ. ಬೂಟು ದೊಡ್ಡದಾಯಿತು ಅಂತ ದಪ್ಪ ಸಾಕ್ಸ್ ಹಾಕಿಸಬೇಡಿ, ಕಾಲು ಒಳಗೆ ಜಾರಿ ನೋವು ಜಾಸ್ತಿಯಾಗುತ್ತದೆ.

ಕೊಳ್ಳುವಾಗ ಚಪ್ಪಲಿ ನಂಬರ್ ನೆಚ್ಚಬೇಡಿ, ಪಾದದ ಉದ್ದ, ಅಗಲ ಮಿಲಿಮೀಟರಿನಲ್ಲಿ ಅಳೆಸಿ. ಅದೂ ಸಂಜೆ. ನಮ್ಮಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಸಂಜೆ ಹೊತ್ತಿಗೆ ಪಾದ ಊದಿರುತ್ತದೆ. ನೇರ ನಿಂತಾಗ ಬೆರಳ ತುದಿ ಮುಂದೆ ತಾಗೀತು ಅನ್ನುವ ಹಾಗಿರಬೇಕು, ಮೊಣಕಾಲು ಬಗ್ಗಿಸಿದರೆ ಹಿಂದೆ ಸರಿಯಬೇಕು, ಹಿಮ್ಮಡಿ ಮಾತ್ರ ಮೇಲೇಳಬಾರದು.

ಇಷ್ಟೆಲ್ಲ ಮಾಡಿದ ಮೇಲೂ ಕಚ್ಚಿದ ಕಡೆ ಊತ ಇಳಿಯದಿದ್ದರೆ ಸ್ಕೇಟಿಂಗ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮಗು ‘ಏನಿಲ್ಲ’ ಅಂದರೂ ಸಾಕ್ಸ್ ಇಳಿಸಿ ಒಮ್ಮೆ ನೋಡಿ.