ಲಂಚಕ್ಕೆ ರಸೀದಿ ಇಲ್ಲ, ಅದಿರಿಗೆ ಇದೆ

2011ರ ಜುಲೈಯಲ್ಲಿ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟಾಗ ಬಳ್ಳಾರಿಯ ಚಹಾದಂಗಡಿಯಿಂದ ವಿಧಾನಸೌಧದವರೆಗೆ ಒಂದೇ ಅಂಕಿ ಓಡಾಡಿತು: 16,085 ಕೋಟಿ ರೂಪಾಯಿ ನಷ್ಟ. ಅದರ ರಾಜಕೀಯ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಆ ವರದಿಯ ಲೆಕ್ಕದ ದಾರಿ. ಲಂಚವನ್ನು ಕೊಟ್ಟವರೂ ಬರೆದಿಡುವುದಿಲ್ಲ, ಪಡೆದವರೂ ಬರೆದಿಡುವುದಿಲ್ಲ. ಹಾಗಿರುವಾಗ ಅಳೆದದ್ದು ಹೇಗೆ?

ಅಳೆದದ್ದು ಕಬ್ಬಿಣದ ಅದಿರನ್ನು. ಗಣಿಯಿಂದ ಲಾರಿ ಹೊರಡಬೇಕಾದರೆ ಗಣಿ ಇಲಾಖೆಯ ಪರ್ಮಿಟ್ ಬೇಕು, ಅರಣ್ಯದ ಜಾಗವಾದರೆ ಅರಣ್ಯ ಇಲಾಖೆಯ ಪಾಸೂ ಬೇಕು. ಅದು ಒಂದು ಪುಸ್ತಕ. ಅದೇ ಅದಿರು ಬಂದರಿನಲ್ಲಿ ಹಡಗು ಹತ್ತುವಾಗ ಬೇರೆಯೇ ಜನ ಬೇರೆಯೇ ಕಾರಣಕ್ಕೆ ಮತ್ತೆ ತೂಕ ಬರೆದುಕೊಳ್ಳುತ್ತಾರೆ. ಹಡಗಿನವರಿಗೆ ಬಾಡಿಗೆ ಬೇಕು, ಕಸ್ಟಮ್ಸ್‌ಗೆ ಸುಂಕ ಬೇಕು, ಕೊಳ್ಳುವವರು ಟನ್ ಲೆಕ್ಕದಲ್ಲೇ ದುಡ್ಡು ಕೊಡುವವರು. ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಮತ್ತು ಅವರ ತಂಡ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಪರ್ಮಿಟ್ ಇಲ್ಲದೆ ರಫ್ತಾದದ್ದು ಸುಮಾರು 2.98 ಕೋಟಿ ಟನ್, ಬೆಲೆ 12,228 ಕೋಟಿ ರೂಪಾಯಿ ಎಂದು ಲೆಕ್ಕ ಸಿಕ್ಕಿತು.

ಭ್ರಷ್ಟಾಚಾರ ಅಳೆಯಲು ಮಾಹಿತಿ ಹುಡುಕುವವರು ಈ ಉಪಾಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಒಂದೇ ವಸ್ತುವಿನ ಬಗ್ಗೆ, ಪರಸ್ಪರ ಹಂಗಿಲ್ಲದ ಇಬ್ಬರು ಬರೆದಿಟ್ಟ ಎರಡು ಲೆಕ್ಕ ಬೇಕು. ಹಂಗಿಲ್ಲ ಎನ್ನುವುದನ್ನೂ ಸುಮ್ಮನೆ ನಂಬುವಂತಿಲ್ಲ. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರೇ 2010ರಲ್ಲಿ ಲಕ್ಷಗಟ್ಟಲೆ ಟನ್ ಮಾಯವಾಯಿತಲ್ಲ! ಹಾಗಾಗಿ ಮೂರನೆಯ ಪುಸ್ತಕವನ್ನೂ ತೆಗೆಯುವುದು ಒಳ್ಳೆಯದು: ಭಾರತದಿಂದ ಇಷ್ಟು ಅದಿರು ಬಂತು ಎಂದು ಚೀನಾ ತನ್ನ ಆಮದು ಪಟ್ಟಿಯಲ್ಲಿ ಬರೆದುಕೊಂಡ ಲೆಕ್ಕ. ಸಂಡೂರಿನಲ್ಲಿ ಕೈಚಳಕ ತೋರಿದವರು ಅದನ್ನು ತಿದ್ದಲಾರರು.

ಆದರೆ ಎರಡು ಲೆಕ್ಕದ ನಡುವಿನ ವ್ಯತ್ಯಾಸವೆಲ್ಲ ಕಳವಲ್ಲ. ಮಳೆಗಾಲದಲ್ಲಿ ತುಂಬಿದ ಅದಿರು ಒದ್ದೆಯಿರುತ್ತದೆ, ಒಣಗಿದಾಗ ತೂಕ ಇಳಿಯುತ್ತದೆ. ನಮ್ಮ ಹಣಕಾಸು ವರ್ಷ ಏಪ್ರಿಲ್‌ನಿಂದ, ಚೀನಾದ್ದು ಜನವರಿಯಿಂದ. ಮಾರ್ಚ್‌ನಲ್ಲಿ ಹೊರಟ ಅದಿರು ಬಂದರಿನ ರಾಶಿಯಲ್ಲಿ ಬಿದ್ದಿದ್ದು ಮೇನಲ್ಲಿ ಹಡಗು ಹತ್ತಬಹುದು. ಆಮದು ಬೆಲೆಯಲ್ಲಿ ಸಾಗಣೆ ಮತ್ತು ವಿಮೆಯ ಖರ್ಚು ಸೇರಿರುತ್ತದೆ, ರಫ್ತು ಬೆಲೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇವನ್ನೆಲ್ಲ ಕಳೆದ ಮೇಲೂ ಉಳಿದದ್ದನ್ನು ಮಾತ್ರ ಅನುಮಾನಿಸಬೇಕು.

ಪತ್ರಿಕೆಗಳಿಗೆ ಹೆಚ್ಚು ಇಷ್ಟವಾಗುವುದು ಬೇರೆ ಅಂಕಿ. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ 1995ರಿಂದ ಪ್ರಕಟಿಸುತ್ತಿರುವ ಭ್ರಷ್ಟಾಚಾರದ ಸೂಚ್ಯಂಕದಲ್ಲಿ 2024ರಲ್ಲಿ ಭಾರತಕ್ಕೆ 100ಕ್ಕೆ 38 ಅಂಕ, 96ನೇ ಸ್ಥಾನ. ಅದು ತಜ್ಞರ ಮತ್ತು ಉದ್ಯಮಿಗಳ ಅನಿಸಿಕೆ, ಅದೂ ಇಡೀ ದೇಶಕ್ಕೆ ಒಂದೇ ಅಂಕಿ. ಸಿಂಧನೂರಿನ ತಾಲ್ಲೂಕು ಕಚೇರಿಯಲ್ಲಿ ಏನು ನಡೆಯುತ್ತಿದೆ ಎಂದು ಅದು ಹೇಳಲಾರದು.

ಹಾಗಾದರೆ ಊರಿನವರನ್ನೇ ಕೇಳಿದರೆ? ಇಂಡೋನೇಷ್ಯಾದಲ್ಲಿ ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕೆನ್ 600ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಹೊಸ ರಸ್ತೆಗಳನ್ನು ಅಗೆಸಿ, ಹಾಕಿದ ಕಲ್ಲು ಮರಳೆಷ್ಟು, ಬಿಲ್ ಮಾಡಿದ್ದೆಷ್ಟು ಎಂದು ತಾಳೆ ನೋಡಿದರು. ಹಳ್ಳಿಯವರ ಅನಿಸಿಕೆಗೂ ನಿಜವಾದ ಸೋರಿಕೆಗೂ ನಂಟು ತೆಳ್ಳಗಿತ್ತು. ಅದಕ್ಕೆ ಕಾರಣವೂ ಸಿಕ್ಕಿತು. ದರ ಹೆಚ್ಚಿಗೆ ಬರೆದರೆ ಜನ ಹಿಡಿಯುತ್ತಾರೆ, ಪೇಟೆಯ ರೇಟು ಅವರಿಗೆ ಗೊತ್ತು. ಮರಳಿನ ಪ್ರಮಾಣವನ್ನು ಹೆಚ್ಚಿಸಿ ಬರೆದರೆ ನೆಲದಡಿ ಹೋದದ್ದನ್ನು ನೋಡಿದವರು ಯಾರು? ಕದಿಯುವವರು ಎರಡನೆಯ ದಾರಿಯನ್ನೇ ಹಿಡಿದಿದ್ದರು.

ದಾಖಲಾದ ಪ್ರಕರಣಗಳ ಸಂಖ್ಯೆ ಇನ್ನೂ ಮೋಸದ ಅಂಕಿ. ಟ್ರ್ಯಾಪ್, ಅಂದರೆ ಲಂಚ ಪಡೆಯುವಾಗಲೇ ಬಲೆ ಬೀಸಿ ಹಿಡಿಯುವುದು, ಹೆಚ್ಚಾದರೆ ಭ್ರಷ್ಟಾಚಾರ ಹೆಚ್ಚಾಯಿತೋ, ಪೊಲೀಸರು ಚುರುಕಾದರೋ? ನಮ್ಮಲ್ಲಿ ಈ ಕೆಲಸ 2016ರಲ್ಲಿ ಲೋಕಾಯುಕ್ತದಿಂದ ಭ್ರಷ್ಟಾಚಾರ ನಿಗ್ರಹ ದಳಕ್ಕೆ (ಎಸಿಬಿ) ಹೋಗಿ, 2022ರಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿದ ಮೇಲೆ ಲೋಕಾಯುಕ್ತಕ್ಕೇ ಮರಳಿತು. ಆ ವರ್ಷಗಳ ಏರಿಳಿತದಲ್ಲಿ ಕಚೇರಿ ಬದಲಾದದ್ದರ ಪಾಲೂ ಇರುತ್ತದೆ. ಜಿಲ್ಲಾವಾರು ಅಂಕಿಗಳಲ್ಲಿ ಮತ್ತೊಂದು ಗುಂಡಿ ಇದೆ: 1997ಕ್ಕೆ ಮುಂಚಿನ ರಾಯಚೂರಿನಲ್ಲಿ ಕೊಪ್ಪಳವೂ ಸೇರಿತ್ತು, 2021ಕ್ಕೆ ಮುಂಚಿನ ಬಳ್ಳಾರಿಯಲ್ಲಿ ಹೊಸಪೇಟೆಯೂ ಇತ್ತು.

ಅದಿರಿನ ಉಪಾಯವನ್ನು ಈಗ ನೀರಿಗೆ ಹಚ್ಚಿ ನೋಡಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಮಾನ್ವಿ, ಸಿರವಾರ, ರಾಯಚೂರು ರೈತರು ನೀರಿಗಾಗಿ ಮತ್ತೆ ಮತ್ತೆ ರಸ್ತೆಗಿಳಿಯುತ್ತಾರೆ. ಮೇಲ್ಭಾಗದ ಅನಧಿಕೃತ ನೀರಾವರಿಯೇ ಕಾರಣ ಎನ್ನುತ್ತಾರೆ. ಮೈಲ್ 69, ಮೈಲ್ 104 ಎಂದು ಇಲ್ಲಿ ಎಲ್ಲರ ಬಾಯಲ್ಲಿರುವ ಜಾಗಗಳ ಗೇಜ್, ಅಂದರೆ ಕಾಲುವೆಯ ನೀರಿನ ಮಟ್ಟ, ಎಷ್ಟಿತ್ತು ಎಂಬುದನ್ನು 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ ಕೇಳಬಹುದು. ಎರಡನೆಯ ಪುಸ್ತಕ ಆಕಾಶದಲ್ಲಿದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಕೆಲವೇ ದಿನಗಳಿಗೊಮ್ಮೆ ತೆಗೆಯುವ ಚಿತ್ರಗಳು ಉಚಿತ, ಅವುಗಳಲ್ಲಿ ಒಂದು ಚುಕ್ಕೆ ನೆಲದ 10 ಮೀಟರ್. ನೀರಿನ ಹಕ್ಕಿಲ್ಲದ ಹೊಲದಲ್ಲಿ ಭತ್ತದ ನೀರು ನಿಂತದ್ದು, ಗೇಜ್ ಪ್ರಕಾರ ನೀರು ತಲುಪಿದ ಕಡೆ ಹೊಲ ಒಣಗಿದ್ದು, ಎರಡೂ ಮೋಡವಿಲ್ಲದ ದಿನ ಕಾಣುತ್ತವೆ.

ಬೋರ್‌ವೆಲ್ ನೀರಿಗೂ ಹೊಲ ಹಸಿರಾಗುತ್ತದೆ, ಉಪಗ್ರಹಕ್ಕೆ ಆ ವ್ಯತ್ಯಾಸ ತಿಳಿಯದು. ಕರೆಂಟಿನ ಬಿಲ್ಲಿನಿಂದ ಪಂಪು ಪತ್ತೆ ಹಚ್ಚೋಣವೆಂದರೆ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ, ಬಹುಪಾಲು ಕಡೆ ಮೀಟರೇ ಇಲ್ಲ. ಉಳಿಯುವುದು ಈ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ಫೀಡರ್ ಲೆಕ್ಕ, ಅಂದರೆ ಒಂದೊಂದು ವಿದ್ಯುತ್ ಮಾರ್ಗದಲ್ಲಿ ಹರಿದ ಕರೆಂಟಿನ ಲೆಕ್ಕ. ಫೀಡರಿನ ಗಡಿಗೂ ಕಾಲುವೆಯ ಗಡಿಗೂ ಹೊಂದಿಕೆಯಾಗದ್ದರಿಂದ ಮೊದಲು ಎರಡರ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟುಕೊಳ್ಳಬೇಕು.